ಮೊದಲ ಸಿಸೇರಿಯನ್ನಿನ ಲೆಕ್ಕ

ಮಂಗಳೂರಿನಲ್ಲಿ ಬಲ್ಮಠದಿಂದ ಹಂಪನಕಟ್ಟೆಯತ್ತ ಇಳಿದರೆ ಲೇಡಿ ಗೋಷನ್ ಸರ್ಕಾರಿ ಹೆರಿಗೆ ಆಸ್ಪತ್ರೆ, ಕಂಕನಾಡಿಯ ಕಡೆ ಹೊರಟರೆ ಫಾದರ್ ಮುಲ್ಲರ್ ಆಸ್ಪತ್ರೆ. ಹೆರಿಗೆಯ ಸುದ್ದಿ ಬಂದೊಡನೆ ಗಂಡೋ ಹೆಣ್ಣೋ ಎಂದು ಕೇಳಿದವರ ಮುಂದಿನ ಪ್ರಶ್ನೆ, ‘ನಾರ್ಮಲ್ಲಾ, ಸಿಸೇರಿಯನ್ನಾ?’ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015–16ರಲ್ಲಿ ಕರ್ನಾಟಕದ ಶೇ 23.6ರಷ್ಟು ಹೆರಿಗೆಗಳು ಸಿಸೇರಿಯನ್ ಆಗಿದ್ದವು. 2019–21ರಲ್ಲಿ ಅದು ಶೇ 31.5ಕ್ಕೇರಿತು. ಇಷ್ಟರಲ್ಲಿ ಹೆಂಗಸರ ಸೊಂಟದ ಎಲುಬು ಕಿರಿದಾಗಿಲ್ಲ. ಹಾಗಾದರೆ ಬದಲಾದದ್ದೇನು?

ಆಸ್ಪತ್ರೆಗಳ ಶೇಕಡಾವಾರು ಹೋಲಿಸಿದರೆ ಉತ್ತರ ಸಿಗದು. ಲೇಡಿ ಗೋಷನ್‌ಗೆ ಕಾಸರಗೋಡಿನಿಂದಲೂ ಸುತ್ತಲ ತಾಲ್ಲೂಕುಗಳಿಂದಲೂ ಕಷ್ಟದ ಕೇಸುಗಳು ಬರುತ್ತವೆ: ಏರಿದ ಬಿಪಿ, ಅವಳಿ, ಅಡ್ಡ ಮಲಗಿದ ಮಗು. ಅಲ್ಲಿ ಸಿಸೇರಿಯನ್ ಹೆಚ್ಚಾದರೆ ಸಹಜ. ಅದಕ್ಕೇ ಡಾ. ಮೈಕೆಲ್ ರಾಬ್ಸನ್ 2001ರಲ್ಲಿ ಹೆರಿಗೆಗಳನ್ನು ಹತ್ತು ಗುಂಪುಗಳಾಗಿ ವಿಂಗಡಿಸಿದರು. ಚೊಚ್ಚಲೋ ಅಲ್ಲವೋ, ನೋವು ತಾನಾಗಿ ಬಂತೋ ಬರಿಸಿದ್ದೋ, ಹಿಂದೆ ಸಿಸೇರಿಯನ್ ಆಗಿತ್ತೋ, ಮಗುವಿನ ತಲೆ ಕೆಳಗಿದೆಯೋ ಎಂಬುದೇ ವಿಂಗಡಣೆಯ ಆಧಾರ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಇದನ್ನೇ ಎಲ್ಲೆಡೆ ಬಳಸಲು ಶಿಫಾರಸು ಮಾಡಿತು.

ಹೀಗೆ ವಿಂಗಡಿಸಿದಾಗ ಬಹಳಷ್ಟು ಆಸ್ಪತ್ರೆಗಳಲ್ಲಿ ದೊಡ್ಡ ಪಾಲು ಐದನೆಯ ಗುಂಪಿನದು, ಅಂದರೆ ಹಿಂದೆಯೂ ಸಿಸೇರಿಯನ್ ಆದ ತಾಯಂದಿರದು. ಮೊದಲ ಹೆರಿಗೆಯ ತೀರ್ಮಾನ ಎರಡನೆಯದನ್ನೂ ಬಹುಮಟ್ಟಿಗೆ ತೀರ್ಮಾನಿಸಿಬಿಡುತ್ತದೆ. ಹಿಂದೆ ಒಂದೇ ಸಿಸೇರಿಯನ್ ಆದವರಲ್ಲಿ ಸಹಜ ಹೆರಿಗೆಗೆ ಪ್ರಯತ್ನಿಸಿದ ಹೆಚ್ಚಿನವರಿಗೆ ಅದು ಸಾಧ್ಯವಾಗುತ್ತದೆ. ಆದರೆ ಸುಮಾರು 200ರಲ್ಲಿ ಒಬ್ಬರಿಗೆ ಗರ್ಭಕೋಶದ ಹಳೆಯ ಹೊಲಿಗೆ ಬಿರಿಯುವ ಅಪಾಯವಿದೆ. ರಾತ್ರಿ ಅರಿವಳಿಕೆ ತಜ್ಞರೂ ರಕ್ತವೂ ಸಿಗದ ಕಡೆ ವೈದ್ಯರು ಆ ಪ್ರಯತ್ನಕ್ಕೆ ಹಿಂಜರಿಯುವುದರಲ್ಲಿ ಅರ್ಥವಿದೆ.

ಹಾಗಾಗಿ ನೋಡಬೇಕಾದದ್ದು ಚೊಚ್ಚಲ ಹೆರಿಗೆಯನ್ನೇ. ನೋವು ಶುರುವಾಗಿ ಬಂದವಳ ಗರ್ಭಕೊರಳು ನಾಲ್ಕು ಸೆಂಟಿಮೀಟರ್ ತೆರೆದಿದೆ ಎನ್ನಿ. ಮೂರು ಗಂಟೆ ಕಳೆದರೂ ಐದಾಗಿಲ್ಲ. ಗಂಟೆಗೆ ಒಂದು ಸೆಂಟಿಮೀಟರ್ ಎಂಬ ಹಳೆಯ ಅಳತೆಯಲ್ಲಿ ಇದು ‘ಮುಂದುವರಿಯದ ಹೆರಿಗೆ’. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿಯಂತೆ ಹೆರಿಗೆ ಚುರುಕಾಗುವುದೇ ಐದರಿಂದ. ತಾಯಿ, ಮಗು ಚೆನ್ನಾಗಿದ್ದರೆ ನಿಧಾನವೊಂದೇ ಕತ್ತರಿಗೆ ಕಾರಣವಾಗಬಾರದು. ಮಗುವಿನ ಎದೆಬಡಿತ ದಾಖಲಿಸುವ ಸಿಟಿಜಿ ಯಂತ್ರವೂ ಎಷ್ಟೋ ಸಲ ಇಲ್ಲದ ಅಪಾಯಕ್ಕೆ ಎಚ್ಚರಿಸುತ್ತದೆ.

ವೈದ್ಯಕೀಯವಲ್ಲದ ಕಾರಣಗಳೂ ಕಡಿಮೆಯಿಲ್ಲ. ಅದೇ 2019–21ರ ಸಮೀಕ್ಷೆಯಲ್ಲಿ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ 14.3, ಖಾಸಗಿಯಲ್ಲಿ ಶೇ 47.4 ಸಿಸೇರಿಯನ್. ಈ ಅಂತರವನ್ನು ಕಾಯಿಲೆಯೊಂದೇ ವಿವರಿಸದು. ಹಗಲಲ್ಲೇ ಮುಗಿಯುವ ಅನುಕೂಲ, ಬಿಲ್ಲು, ಕೇಸು ಬೀಳುವ ಭಯ ಒಂದು ಕಡೆ. ನೋವಿನ ಹೆದರಿಕೆ, ‘ಒಳ್ಳೇ ನಕ್ಷತ್ರದಲ್ಲಿ ತೆಗೆಸಿಬಿಡಿ’ ಎನ್ನುವ ಮನೆಯವರು ಇನ್ನೊಂದು ಕಡೆ. ಮುಹೂರ್ತಕ್ಕಾಗಿ 39 ವಾರ ತುಂಬುವ ಮೊದಲೇ ತೆಗೆದ ಮಗುವಿಗೆ ಉಸಿರಾಟದ ತೊಂದರೆ ಹೆಚ್ಚು. ಮತ್ತೆ ಮತ್ತೆ ಕೊಯ್ದ ಗರ್ಭಕೋಶಕ್ಕೆ ಮಾಸು ಅಂಟಿ ಬಿಡದಿರುವ ಅಪಾಯ ಪ್ರತಿ ಸಲವೂ ಏರುತ್ತದೆ.

ಬೇಕಾದಾಗ ಸಿಸೇರಿಯನ್ ಜೀವ ಉಳಿಸುತ್ತದೆ. ಆಗ ತಡಮಾಡುವುದೇ ತಪ್ಪು. ‘ನಿಮ್ಮಲ್ಲಿ ಶೇಕಡಾ ಎಷ್ಟು?’ ಎನ್ನುವುದಕ್ಕಿಂತ ‘ತೊಡಕಿಲ್ಲದ ಚೊಚ್ಚಲು ಬಸುರಿಯರಲ್ಲಿ ಎಷ್ಟು, ನೋವಿನ ಹೊತ್ತಿಗೆ ಅಮ್ಮನೋ ಅಕ್ಕನೋ ಜೊತೆಗಿರಬಹುದೇ?’ ಎಂದು ಏಳನೇ ತಿಂಗಳಲ್ಲೇ ಡಾಕ್ಟರನ್ನು ಕೇಳಿ.