ಗಾಜಿನ ತೊಟ್ಟಿಯಲ್ಲಿ ಸೊರಗುವ ಹವಳ

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿ)

ಹವಳವೆಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಅಜ್ಜಿಯ ಕೊರಳಿನಲ್ಲಿ ಕರಿಮಣಿಗಳ ನಡುವೆ ಹೊಳೆಯುವ ಕೆಂಪು ಮಣಿ. ನವರತ್ನಗಳಲ್ಲಿ ಒಂದಾದ ಅದನ್ನು ಕಲ್ಲಿನ ಜಾತಿಗೆ ಸೇರಿಸಿ ನಾವು ಸುಮ್ಮನಾಗುತ್ತೇವೆ. ವಾಸ್ತವವಾಗಿ ಅದು ಕಡಲಿನ ಪ್ರಾಣಿಯೊಂದು ಕಟ್ಟಿಕೊಂಡ ಗಟ್ಟಿ ಒಡಲು. ಆ ಕೆಂಪು ಹವಳದ ದಾಯಾದಿಗಳೇ ಮೃದು ಹವಳಗಳು. ಇವುಗಳ ಗುಂಪಿನ ಒಂದೊಂದು ಪುಟ್ಟ ಜೀವಿಗೂ ಗರಿಯಂತಹ ಎಂಟು ತೋಳುಗಳಿರುತ್ತವೆ. ಬಂಡೆಯಂತಹ ಅಸ್ಥಿಪಂಜರ ಇವಕ್ಕಿಲ್ಲ; ಮಾಂಸದೊಳಗೆ ಹುದುಗಿದ ಸುಣ್ಣದ ಸಣ್ಣ ಚೂರುಗಳೇ ಆಧಾರ.

ಗಾಜಿನ ತೊಟ್ಟಿಯಲ್ಲಿ ಕಡಲಿನ ತುಣುಕೊಂದನ್ನು ಸಾಕುವ ಹವ್ಯಾಸ ಇಂದು ನಮ್ಮ ನಗರಗಳಿಗೂ ಬಂದಿದೆ. ಅಲ್ಲಿ ಹವಳವು ಸೊರಗಿದರೆ ಕಾರಣವನ್ನು ಕಂಡುಹಿಡಿಯುವ ಬಗೆ ಹೇಗೆಂಬುದನ್ನು ಸ್ಥೂಲವಾಗಿ ವಿವೇಚಿಸೋಣ.

ಮೊದಲು ಅದರ ಬಾಳುವೆಯನ್ನು ತಿಳಿಯಬೇಕು. ತೊಟ್ಟಿಗಳಲ್ಲಿ ಸಾಕುವ ಬಹುಪಾಲು ಮೃದು ಹವಳಗಳ ಮೈಯೊಳಗೆ ಸೂಕ್ಷ್ಮವಾದ ಪಾಚಿಗಳು ಒಕ್ಕಲಿರುತ್ತವೆ. ಅವು ಬೆಳಕಿನಿಂದ ಆಹಾರವನ್ನು ತಯಾರಿಸಿ ಮನೆಯೊಡೆಯನಿಗೆ ಪಾಲು ಕೊಡುತ್ತವೆ. ಆದುದರಿಂದ ಹವಳವನ್ನು ಸಾಕುವವನು ಪ್ರಾಣಿಯನ್ನೂ ತೋಟವನ್ನೂ ಏಕಕಾಲಕ್ಕೆ ನೋಡಿಕೊಳ್ಳಬೇಕಾಗುತ್ತದೆ.

ಮುದುಡಿದ್ದೆಲ್ಲವೂ ರೋಗವಲ್ಲ. ಅಣಬೆಯಾಕಾರದ ಸಾರ್ಕೊಫೈಟಾನ್ ಎಂಬ ಹವಳವು ಆಗಾಗ ತೋಳುಗಳನ್ನು ಒಳಗೆಳೆದುಕೊಂಡು ಹಲವು ದಿನ ಮಂಕಾಗಿ ನಿಲ್ಲುತ್ತದೆ. ಅದರ ಮೇಲೆ ಮೇಣದಂತಹ ಪೊರೆ ಕಟ್ಟುತ್ತದೆ. ಹಾವು ಪೊರೆ ಬಿಡುವಂತೆ ಇದೂ ಆ ಪೊರೆಯನ್ನು ಕಳಚಿ, ಅದರೊಡನೆ ಮೈಮೇಲಿನ ಪಾಚಿ ಕೊಳೆಗಳನ್ನೂ ನೀಗಿಕೊಂಡು ಮತ್ತೆ ಅರಳುತ್ತದೆ. ಈ ವೇಳೆಯಲ್ಲಿ ಗಾಬರಿಯಿಂದ ಅದನ್ನು ಕಿತ್ತು ಬೇರೆಡೆಗೆ ಇಡುವುದು, ಔಷಧ ಸುರಿಯುವುದು ಹಾನಿಕರ. ಆದರೆ ಮಾಂಸ ಕರಗುತ್ತಿದ್ದರೆ, ದುರ್ವಾಸನೆ ಬರುತ್ತಿದ್ದರೆ, ಅಪಾಯವು ನಿಜವೆಂದೇ ತಿಳಿಯಬೇಕು.

ಆಗ ಮೊದಲು ಪರೀಕ್ಷಿಸಬೇಕಾದುದು ನೀರನ್ನು. ತೊಟ್ಟಿಯ ನೀರು ಆವಿಯಾದಾಗ ಉಪ್ಪು ಹಿಂದೆಯೇ ಉಳಿಯುತ್ತದೆ. ನೀರು ದಿನೇ ದಿನೇ ಹೆಚ್ಚು ಉಪ್ಪಾಗುತ್ತದೆ. ಕಡಲಿನಲ್ಲಿ ಸಾವಿರ ಭಾಗ ನೀರಿಗೆ ಸುಮಾರು 35 ಭಾಗ ಲವಣವಿರುತ್ತದೆ. ಈ ಪ್ರಮಾಣ ಉಳಿಯಬೇಕಾದರೆ, ಆರಿದಷ್ಟು ನೀರನ್ನು ಉಪ್ಪುನೀರಿನಿಂದಲ್ಲ, ಶುದ್ಧವಾದ ಸಿಹಿನೀರಿನಿಂದಲೇ ತುಂಬಬೇಕು. ನಲ್ಲಿಯ ನೀರಿನ ಕ್ಲೋರಿನ್ ಮತ್ತು ತಾಮ್ರದ ಅಂಶಗಳು ಹವಳಕ್ಕೆ ವಿಷ. ಮೀನಿನ ರೋಗಕ್ಕೆ ಹಾಕುವ ಕೆಲವು ಔಷಧಗಳಲ್ಲಿಯೂ ತಾಮ್ರವಿರುತ್ತದೆಂಬುದನ್ನು ಮರೆಯಬಾರದು. ಉಷ್ಣತೆಯು 24ರಿಂದ 27 ಡಿಗ್ರಿ ಸೆಲ್ಸಿಯಸ್ ಇರುವುದು ಲೇಸು. ಬೇಸಗೆಯಲ್ಲಿ ಇದು ಸುಲಭವಾಗಿ ಮೀರುತ್ತದೆ. ನೀರು ಕೊಳೆಯಾದರೆ ಕೇಡು ನಿಶ್ಚಯ. ಆದರೆ ಪೋಷಕಾಂಶಗಳೇ ಇಲ್ಲದಷ್ಟು ಶುದ್ಧವಾದರೂ ಹವಳ ಹಸಿವಿನಿಂದ ಬಡವಾಗುತ್ತದೆ.

ಎರಡನೆಯದು ಬೆಳಕು. ಮಂದ ಬೆಳಕಿನಲ್ಲಿದ್ದುದನ್ನು ಒಮ್ಮೆಲೇ ಪ್ರಖರ ದೀಪದ ಕೆಳಗೆ ಇಟ್ಟರೆ ಒಕ್ಕಲು ಪಾಚಿಗಳು ಹೊರಬಿದ್ದು ಹವಳ ಬಿಳಿಚಿಕೊಳ್ಳುತ್ತದೆ. ಬೆಳಕು ಸಾಲದಿದ್ದರೆ ದೀಪದ ಕಡೆಗೆ ಸಣ್ಣಗೆ ಉದ್ದವಾಗಿ ಚಾಚುತ್ತದೆ.

ಮೂರನೆಯದು ನೀರಿನ ಚಲನೆ. ಕೆಂಪು ಸಮುದ್ರದ ಒಂದು ಮೃದು ಹವಳವು ಪುಟ್ಟ ಕೈಗಳಂತೆ ತನ್ನ ತೋಳುಗಳನ್ನು ಸದಾ ಮುಚ್ಚಿ ತೆರೆಯುತ್ತಿರುತ್ತದೆ. ಇದರಿಂದ ಮೈಸುತ್ತ ಹೆಪ್ಪುಗಟ್ಟುವ ಆಮ್ಲಜನಕವು ದೂರ ಸರಿದು, ಪಾಚಿಗಳ ಆಹಾರ ತಯಾರಿಕೆ ಹೆಚ್ಚುತ್ತದೆಂದು 2013ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹವಳಕ್ಕೆ ಚಲನೆ ಎಷ್ಟು ಮುಖ್ಯವೆಂಬುದಕ್ಕೆ ಇದೇ ಸಾಕ್ಷಿ. ಆದರೆ ಯಂತ್ರದ ಧಾರೆ ನೇರವಾಗಿ ಮೈಗೆ ಬಡಿಯಬಾರದು.

ಕೊನೆಯದು ನೆರೆಹೊರೆ. ಓಡಲಾರದ ಈ ಜೀವಿಗಳು ಜಾಗಕ್ಕಾಗಿ ರಾಸಾಯನಿಕ ಯುದ್ಧವನ್ನೇ ಹೂಡುತ್ತವೆ. ವಿಶಾಲವಾದ ಕಡಲಿನಲ್ಲಿ ಕರಗಿ ಹೋಗುವ ವಿಷವು ತೊಟ್ಟಿಯಲ್ಲಿ ಉಳಿದುಬಿಡುತ್ತದೆ. ಆದುದರಿಂದ ನಡುವೆ ಅಂತರವಿಡಬೇಕು, ನೀರನ್ನು ಸಕ್ರಿಯ ಇದ್ದಿಲಿನ ಮೂಲಕ ಹಾಯಿಸಬೇಕು.

ಇಷ್ಟು ಕಾರಣಗಳಿರುವಾಗ ಎಲ್ಲವನ್ನೂ ಒಂದೇ ದಿನ ಬದಲಾಯಿಸಿದರೆ ಯಾವುದು ಕೆಡಿಸಿತು, ಯಾವುದು ಉಳಿಸಿತು ಎಂದು ತಿಳಿಯುವುದೇ ಇಲ್ಲ. ಮೊದಲು ಅಳೆಯಬೇಕು, ಆಮೇಲೆ ಒಂದನ್ನು ಮಾತ್ರ ಮೆಲ್ಲನೆ ತಿದ್ದಿ ಕಾಯಬೇಕು. ತಾಮ್ರದಂತಹ ವಿಷ ಬಿದ್ದಾಗ ಮಾತ್ರ ವಿಳಂಬ ಸಲ್ಲದು.

ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಮುರುಡೇಶ್ವರದಾಚೆಯ ನೇತ್ರಾಣಿಯ ಹವಳವನ್ನು ಅಲ್ಲಿಯೇ ನೋಡಿ ಬರಬೇಕೇ ಹೊರತು ಮನೆಗೆ ತರಬಾರದು. ಮೃದು ಹವಳವನ್ನು ತರುವವನೂ ಒಂದು ಮಾತನ್ನು ನೆನೆಯಬೇಕು: ಹಸುವಾದರೆ ಕೂಗುತ್ತದೆ, ನಾಯಿಯಾದರೆ ಬಾಲವಾಡಿಸುತ್ತದೆ, ಹವಳಕ್ಕೆ ಮುದುಡುವುದೊಂದೇ ಭಾಷೆ. ಅದನ್ನು ಓದುವ ತಾಳ್ಮೆಯಿಲ್ಲದವನು ಅದನ್ನು ಕಡಲಿನಿಂದ ಅಗಲಿಸದಿರುವುದೇ ಧರ್ಮ.