ಕೈಮಾ ಯಂತ್ರ: ಡಬ್ಬದ ವ್ಯಾಟ್ ನಂಬಿ ಕೆಟ್ಟೆ

ಮಹದೇವಪುರದ ಆಸುಪಾಸಿನಲ್ಲಿ ಈಗ ಹೊಲಕ್ಕಿಂತ ಅಪಾರ್ಟ್‌ಮೆಂಟೇ ಹೆಚ್ಚು. ನಾವು ಸಾಕುವ ಕುರಿಗೆ ಗಿರಾಕಿಗಳೂ ಅಲ್ಲಿಯವರೇ. ಭಾನುವಾರ ಬಂದರೆ ‘ಕೈಮಾ ಮಾಡಿ ಕೊಡ್ತೀರಾ?’ ಅಂತ ಕೇಳುವವರು ಜಾಸ್ತಿ. ಮಚ್ಚಿನಲ್ಲಿ ಕೊಚ್ಚಿ ಕೊಚ್ಚಿ ತಮ್ಮನ ರಟ್ಟೆ ಸೋತಿತು. ಯಂತ್ರ ತಂದೆವು.

ಡಬ್ಬದ ಮೇಲೆ ದಪ್ಪಕ್ಷರದಲ್ಲಿ 2,000 ವ್ಯಾಟ್. ಒಂದು ಎಚ್‌ಪಿ ಅಂದರೆ 746 ವ್ಯಾಟ್. ಎರಡೂವರೆ ಎಚ್‌ಪಿಗೂ ಮೇಲಾಯಿತಲ್ಲ ಎಂದು ಹಿಗ್ಗಿದೆ. ಮೂರನೇ ಭಾನುವಾರ ಅರ್ಧ ಗಂಟೆ ಬಿಡದೆ ಓಡಿಸಿದಾಗ ಸುಟ್ಟ ವಾಸನೆ ಬಂತು. ಜೊತೆಗೆ ಬಂದ ಪುಸ್ತಕವನ್ನು ಆಮೇಲೆ ತೆಗೆದು ನೋಡಿದರೆ, ‘5 ನಿಮಿಷ ಓಡಿಸಿ ತಣಿಯಲು ಬಿಡಿ’ ಅಂತ ಇತ್ತು! ತಪ್ಪು ನನ್ನದೂ ಹೌದು.

ವೈಂಡಿಂಗ್ ಮಾಡುವವರು ಬಿಡಿಸಿ ಹೇಳಿದರು. ಮನೆಬಳಕೆಯ ಇಂಥ ಯಂತ್ರಗಳಲ್ಲಿ ದಪ್ಪಕ್ಷರದ ವ್ಯಾಟ್ ಎಷ್ಟೋ ಸಲ ಮೋಟಾರ್ ಸಿಕ್ಕಿಕೊಂಡು ತಿರುಗದೆ ನಿಂತಾಗ ಎಳೆಯುವ ಕರೆಂಟಿನ ಲೆಕ್ಕ. ಆಗ ಆಗುವ ಕೆಲಸ ಸೊನ್ನೆ, ಎಲ್ಲ ಬರೀ ಶಾಖ. ನಮ್ಮ ಯಂತ್ರದ ಬುಡದ ಚೀಟಿಯಲ್ಲಿ ಇದ್ದದ್ದು 500 ವ್ಯಾಟ್. ಅದೂ ಒಳಕ್ಕೆ ಎಳೆಯುವ ಲೆಕ್ಕವೇ, ಶಾಫ್ಟಿಗೆ ಬರುವುದು ಇನ್ನೂ ಕಡಿಮೆ.

ನಮ್ಮ ಪಂಪಿನಂಥ ಇಂಡಕ್ಷನ್ ಮೋಟಾರಿನ ಪ್ಲೇಟಿನಲ್ಲಿ ಬರೆಯುವ ಎಚ್‌ಪಿ ಹಾಗಲ್ಲ. ಅದು ಶಾಫ್ಟಿನಲ್ಲಿ ಸಿಗುವ ಶಕ್ತಿ. ಒಂದು ಎಚ್‌ಪಿಯ ಸಿಂಗಲ್ ಫೇಸ್ ಮೋಟಾರ್ ಸಾವಿರಕ್ಕೂ ಮೇಲೆ ವ್ಯಾಟ್ ಎಳೆದು 746 ಕೊಡುತ್ತದೆ. ಅದೇ ಪ್ಲೇಟಿನಲ್ಲಿ ‘ಡ್ಯೂಟಿ’ ಎಂಬಲ್ಲಿ ಎಸ್‌1 ಎಂದಿದ್ದರೆ ಬಿಡದೆ ಓಡಿಸಬಹುದು. ಎಸ್‌2, ಎಸ್‌3 ಇದ್ದರೆ ನಡುವೆ ವಿಶ್ರಾಂತಿ ಬೇಕೇ ಬೇಕು.

ಓಲ್ಟೇಜ್ ಮಾತು ಮರೆಯಬೇಡಿ. ಇಂಡಕ್ಷನ್ ಮೋಟಾರಿನಲ್ಲಿ 230 ಇರಬೇಕಾದದ್ದು 190ಕ್ಕೆ ಇಳಿದರೆ ತಿರುಗಿಸುವ ಬಲ ಮೂರರಲ್ಲಿ ಎರಡು ಪಾಲಿನಷ್ಟೇ ಉಳಿಯುತ್ತದೆ. ಉದ್ದಕ್ಕೆ ಎಳೆದ ಸಣ್ಣ ವೈರು ಬೇಡ.

ಈಗ ಒಂದು ಎಚ್‌ಪಿ ಇಂಡಕ್ಷನ್ ಮೋಟಾರ್, ಗೇರ್ ಇರುವ 12ನೇ ನಂಬರಿನ ಯಂತ್ರ ಇಟ್ಟುಕೊಂಡಿದ್ದೇವೆ. ಡ್ಯೂಟಿ ಎಸ್‌1. ಎಷ್ಟು ಎಚ್‌ಪಿ ಇದ್ದರೂ ಬ್ಲೇಡು ಮೊಂಡಾಗಿದ್ದರೆ ನರ ಸುತ್ತಿಕೊಳ್ಳುತ್ತದೆ, ಮಾಂಸ ಕತ್ತರಿಸುವ ಬದಲು ಜಜ್ಜಿ ಹೋಗುತ್ತದೆ, ಮೋಟಾರ್ ನರಳುತ್ತದೆ. ನಾವು ನರ, ಮೂಳೆ ಚೂರು ತೆಗೆದು, ಮಾಂಸವನ್ನು ಚೆನ್ನಾಗಿ ತಣ್ಣಗೆ ಮಾಡಿಯೇ ಹಾಕುವುದು. ಓವರ್‌ಲೋಡ್ ಸ್ವಿಚ್ ಹಾಕಿಸಿದ್ದೇವೆ, ಅರ್ಥಿಂಗೂ ಇದೆ. ಒಳಕ್ಕೆ ತಳ್ಳಲು ಮರದ ಗೂಟವೇ. ಬೆರಳು ಯಾವತ್ತೂ ಹಾಕುವುದಿಲ್ಲ.