ಡಯಾನಾ, ಮಿನರ್ವಾ ಮತ್ತು ಹೆಸರಿಲ್ಲದ ಕೈಗಳು

1773ರ ನವೆಂಬರ್‌ನಲ್ಲಿ ಲಂಡನ್ನಿನ ಥಾಮಸ್ ಚಿಪ್ಪೆಂಡೇಲ್ ತನ್ನ ಗಿರಾಕಿ ಎಡ್ವಿನ್ ಲ್ಯಾಸೆಲ್ಸ್‌ಗೆ ಒಂದು ಬೀರುವಿನ ಲೆಕ್ಕ ಬರೆದ. ಬೆಲೆ 86 ಪೌಂಡ್. ಆ ಕಾಲದ ಸಾಮಾನ್ಯ ಬಡಗಿ ವರ್ಷವಿಡೀ ದುಡಿದರೂ ಅಷ್ಟು ಹಣ ಕಾಣುತ್ತಿರಲಿಲ್ಲ. ಉತ್ತರ ಇಂಗ್ಲೆಂಡಿನ ಲೀಡ್ಸ್ ನಗರದ ಬಳಿಯ ಹೇರ್‌ವುಡ್ ಹೌಸ್ ಎಂಬ ಬಂಗಲೆಗೆ ಹೋದ ಆ ಬೀರು ಇಂದಿಗೂ ಅಲ್ಲೇ ಇದೆ. ಇಂಗ್ಲಿಷ್ ಇನ್ಲೇ ಪೀಠೋಪಕರಣಗಳಲ್ಲಿ ಅದಕ್ಕಿಂತ ಮಿಗಿಲಾದುದನ್ನು ಹುಡುಕುವುದು ಕಷ್ಟ.

ಸೊಂಟದೆತ್ತರದ ಅಗಲವಾದ ಬೀರು ಅದು. ಮೇಲೆ ಶೃಂಗಾರ ಸಾಮಗ್ರಿ ಇಡುವ ಖಾನೆ. ನಡುವಿನ ಬಾಗಿಲು ಗೂಡಿನಂತೆ ಒಳಕ್ಕೆ ಬಾಗಿದೆ. ಮೈಯೆಲ್ಲ ಜೇನುಬಣ್ಣದ ಸ್ಯಾಟಿನ್‌ವುಡ್. ಎರಡು ಬದಿಯ ಬಾಗಿಲುಗಳಲ್ಲಿ ರೋಮನ್ ದೇವತೆಯರು: ಒಂದರಲ್ಲಿ ಬೇಟೆಯ ಡಯಾನಾ, ಇನ್ನೊಂದರಲ್ಲಿ ವಿದ್ಯೆಯ ಮಿನರ್ವಾ. ಅವರ ಮೈ ದಂತದ್ದು, ಮಿಕ್ಕಿದ್ದೆಲ್ಲ ಮರ. ಸೀರೆಯ ನೆರಿಗೆಯಂತೆ ಇಳಿಬಿದ್ದ ಉಡುಪಿನ ಮಡಿಕೆಗಳಲ್ಲಿ ನೆರಳು ಕಾಣುತ್ತದೆ. ನೋಡಿದವರು ಅದನ್ನು ಕುಂಚದ ಕೆಲಸ ಎಂದುಕೊಳ್ಳುತ್ತಾರೆ. ಆದರೆ ಆ ನೆರಳು ಮೂಡಿದ್ದು ಕಾದ ಮರಳಿನಿಂದ.

ಮೈಸೂರಿನ ಇನ್ಲೇ ಕೆಲಸದಲ್ಲಿ ಬೀಟೆಯ ಹಲಗೆಯಲ್ಲಿ ಗುಳಿ ತೋಡಿ, ಬೇರೆ ಬಣ್ಣದ ಮರದ ತುಣುಕುಗಳನ್ನು ಕೂರಿಸುತ್ತಾರೆ. ಚಿಪ್ಪೆಂಡೇಲ್ ಕಾಲದ ಇಂಗ್ಲಿಷರು ಹೆಚ್ಚಾಗಿ ಅನುಸರಿಸಿದ್ದು ಮಾರ್ಕೆಟ್ರಿ ಎಂಬ ವಿಧಾನವನ್ನು. ಇದರಲ್ಲಿ ಗುಳಿ ತೋಡುವುದಿಲ್ಲ. ಹಿನ್ನೆಲೆ, ಚಿತ್ರ ಎರಡೂ ತೆಳು ಹಾಳೆಗಳೇ. ಆಗ ಯಂತ್ರವಿರಲಿಲ್ಲ; ಕೈಗರಗಸದಿಂದ ಸೀಳಿದ ಹಾಳೆ ಸುಮಾರು 2 ಮಿಲಿಮೀಟರ್ ದಪ್ಪವಿರುತ್ತಿತ್ತು. ಕಾಗದದಲ್ಲಿ ಬರೆದ ಚಿತ್ರವನ್ನು ಮರಕ್ಕೆ ಅಂಟಿಸಿ, ಕೂದಲೆಳೆಯಂಥ ಗರಗಸದಲ್ಲಿ ಗೆರೆ ಹಿಡಿದು ಕೊಯ್ಯಬೇಕು. ಹೂವೊಂದು ಬೇಕಿದ್ದರೆ ಅದರ ಒಂದೊಂದು ಎಸಳೂ ಬೇರೆ ತುಂಡು. ಬಾಣಲೆಯಲ್ಲಿ ಮರಳು ಕಾಯಿಸಿ, ಆ ತುಂಡನ್ನು ಇಕ್ಕಳದಲ್ಲಿ ಹಿಡಿದು ಅಂಚನ್ನಷ್ಟೇ ಅದ್ದುತ್ತಾರೆ. ಅದ್ದಿದ ಕಡೆ ಕಂದು, ಮೇಲಕ್ಕೆ ಹೋದಂತೆ ತಿಳಿ. ಕ್ಷಣ ಹೆಚ್ಚಾದರೆ ಸುಟ್ಟು ಕರಿಯಾಗುತ್ತದೆ, ಆಮೇಲೆ ಅದು ಬಿಸಾಡುವುದಕ್ಕೇ ಲಾಯಕ್ಕು. ತುಂಡುಗಳನ್ನೆಲ್ಲ ಜೋಡಿಸಿ, ಬಿಸಿ ಸರೇಸಿನಲ್ಲಿ ಅಡಿಮರಕ್ಕೆ ಅಂಟಿಸಿದ ಮೇಲೆ, ಕಣ್ಣು, ಬೆರಳು, ಕೂದಲಿನಂಥ ಸೂಕ್ಷ್ಮಗಳನ್ನು ಸೂಜಿಮೊನೆಯ ಉಳಿಯಲ್ಲಿ ಗೀರಿ ಕಪ್ಪು ತುಂಬುತ್ತಿದ್ದರು.

ಇವತ್ತು ಇಂಥ ಪೀಠೋಪಕರಣಗಳೆಲ್ಲ ಒಂದೇ ಕಂದು-ಹಳದಿಯ ಹದದಲ್ಲಿ ಕಾಣುತ್ತವೆ. ಅದನ್ನೇ ಹಳೆಯ ಇಂಗ್ಲಿಷ್ ಅಭಿರುಚಿ ಎಂದು ಮೆಚ್ಚುವವರಿದ್ದಾರೆ. ಈ ಮೆಚ್ಚುಗೆಗೆ ಆಧಾರವಿಲ್ಲ. ಅದು ಬಿಸಿಲು ಮಾಡಿದ ಕೆಲಸ. ಸಿಕಮೋರ್ ಮರವನ್ನು ಅನ್ನಭೇದಿಯ ನೀರಿನಲ್ಲಿ ನೆನೆಸಿ ಬೆಳ್ಳಿಬೂದು ಬಣ್ಣ ಬರಿಸುತ್ತಿದ್ದರು. ತಾಮ್ರದ ಕಿಲುಬಿನಿಂದ ಎಲೆಗಳಿಗೆ ಹಸಿರು ಬರುತ್ತಿತ್ತು. ಹಿತ್ತಾಳೆಯ ಪಟ್ಟಿ ಬಿಚ್ಚಿದಲ್ಲಿ, ಬೆಳಕು ತಾಗದ ಮೂಲೆಗಳಲ್ಲಿ ಆ ಬಣ್ಣಗಳು ಇನ್ನೂ ಉಳಿದಿರುತ್ತವೆ. ಯಾರ್ಕ್‌ಶೈರಿನ ಮಾರ್ಕೆಟ್ರಿ ಕುಶಲಕರ್ಮಿ ಜ್ಯಾಕ್ ಮೆಟ್‌ಕಾಫ್ ಹಳೆಯ ವಿಧಾನದಲ್ಲೇ ಮರಕ್ಕೆ ಬಣ್ಣ ಹಾಕಿ ನೋಡಿ, ಚಿಪ್ಪೆಂಡೇಲ್ ಅಂಗಡಿಯಿಂದ ಹೊರಟ ದಿನ ಇವು ಎಷ್ಟು ಉಜ್ವಲವಾಗಿದ್ದಿರಬೇಕು ಎಂದು ಪುಸ್ತಕವನ್ನೇ ಬರೆದಿದ್ದಾರೆ.

ಹಾಗಾದರೆ ಡಯಾನಾಳ ಕಣ್ಣು ಗೀರಿದವರು ಯಾರು? ಚಿಪ್ಪೆಂಡೇಲ್ ಅಂತೂ ಅಲ್ಲ ಎನ್ನಬಹುದು. 1718ರಲ್ಲಿ ಓಟ್ಲಿ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಬಡಗಿಯ ಮಗ ಆತ. 1754ರಲ್ಲಿ ವಿನ್ಯಾಸಗಳ ದೊಡ್ಡ ಪುಸ್ತಕ ಹೊರತಂದು ಹೆಸರಾದ ಮೇಲೆ ವಿನ್ಯಾಸ, ಗಿರಾಕಿ, ಲೆಕ್ಕಪತ್ರಗಳಲ್ಲೇ ಮುಳುಗಿದ್ದ ಮಾಲೀಕ. 1755ರಲ್ಲಿ ಅವನ ಕಾರ್ಖಾನೆಗೆ ಬೆಂಕಿ ಬಿದ್ದಾಗ 22 ಕೆಲಸಗಾರರ ಹತಾರದ ಪೆಟ್ಟಿಗೆಗಳು ಸುಟ್ಟವೆಂಬ ದಾಖಲೆಯಿದೆ. ಪೆಟ್ಟಿಗೆಗಳ ಎಣಿಕೆ ನಮಗೆ ಸಿಕ್ಕಿದೆ. ಕೆಲಸಗಾರರ ಹೆಸರುಗಳು ಸಿಕ್ಕಿಲ್ಲ. ಪ್ಯಾರಿಸ್ಸಿನಲ್ಲಿ ಕುಶಲಕರ್ಮಿಗಳ ಸಂಘದ ನಿಯಮದಂತೆ ತಯಾರಕ ತನ್ನ ಮುದ್ರೆ ಒತ್ತಬೇಕಿತ್ತು. ಲಂಡನ್ನಿನಲ್ಲಿ ಅಂಥ ಕಟ್ಟುಪಾಡಿರಲಿಲ್ಲ. ಹೀಗಾಗಿ ಇಂಗ್ಲಿಷ್ ಪೀಠೋಪಕರಣಗಳಲ್ಲಿ ಬಹುಪಾಲಿಗೆ ಸಹಿಯೇ ಇಲ್ಲ. ಇದು ಚಿಪ್ಪೆಂಡೇಲನದೇ ಎಂದು ನಂಬಲು ಆಧಾರ ಸಿಗುವುದು ಹೇರ್‌ವುಡ್‌ನಲ್ಲಿರುವಂಥ ಹಳೆಯ ಲೆಕ್ಕಪತ್ರಗಳಿಂದ.

ಕಸುಬಿನವರಲ್ಲಿ ಹೊರನಾಡಿಗರೂ ಇದ್ದರು. ಪಿಯರ್ ಲಾಂಗ್ಲೋವಾ ಲಂಡನ್ನಿನ ಟಾಟೆನ್‌ಹ್ಯಾಮ್ ಕೋರ್ಟ್ ರೋಡಿನಲ್ಲಿ ಫ್ರೆಂಚ್ ಶೈಲಿಯ ಮಾರ್ಕೆಟ್ರಿ ಮಾಡುತ್ತಿದ್ದ. ಸ್ವೀಡನ್ನಿನಿಂದ ಬಂದ ಕ್ರಿಸ್ಟೋಫರ್ ಫ್ಯೂರ್ಲೋಗ್ ಅಲ್ಲೇ ನೆಲೆ ನಿಂತ. 

ಈ ಸೊಬಗಿಗೆ ಸುರಿದ ಹಣದ ಮೂಲವನ್ನು ಮರೆತು ಮೆಚ್ಚುವುದು ಸಾಧ್ಯವಿಲ್ಲ. ಲ್ಯಾಸೆಲ್ಸ್ ಕುಟುಂಬದ ಸಿರಿ ಬಂದಿದ್ದು ಕೆರಿಬಿಯನ್ ಸಕ್ಕರೆ ಮತ್ತು ಗುಲಾಮರ ವ್ಯಾಪಾರದಿಂದ. 1830ರ ದಶಕದಲ್ಲಿ ಗುಲಾಮಗಿರಿ ರದ್ದಾದಾಗ ಬ್ರಿಟಿಷ್ ಸರ್ಕಾರ ಪರಿಹಾರ ಕೊಟ್ಟದ್ದು ಹೇರ್‌ವುಡ್‌ನ ಒಡೆಯರಂಥ ಮಾಲೀಕರಿಗೆ. ಕಬ್ಬಿನ ಗದ್ದೆಯಲ್ಲಿ ದುಡಿದವರಿಗೆ ಬಿಡಿಗಾಸೂ ಬರಲಿಲ್ಲ. ಲಂಡನ್ನಿನ ಅಂಗಡಿಗಳಿಗೆ ಬಂದ ಜಮೈಕಾದ ಮಹಾಗನಿಯನ್ನು ಕಡಿದವರೂ ಗುಲಾಮರೇ. ಚಿಪ್ಪೆಂಡೇಲ್ ಕೂಡ ಸುಖಪಟ್ಟವನಲ್ಲ. ಶ್ರೀಮಂತ ಗಿರಾಕಿಗಳು ಬಾಕಿ ಕೊಡದೆ ಸತಾಯಿಸುತ್ತಿದ್ದರು. ಅವನು 1779ರಲ್ಲಿ ತೀರಿಕೊಂಡ. ಕಸುಬು ಮುಂದುವರಿಸಿದ ಮಗ 1804ರಲ್ಲಿ ದಿವಾಳಿಯಾದ.

ಇಂಗ್ಲೆಂಡಿನಲ್ಲಿರುವ ಕನ್ನಡಿಗರು, ಅಲ್ಲಿಗೆ ಹೋಗುವವರು ಹೇರ್‌ವುಡ್‌ಗೆ ಹೋಗಿ ಆ ಬೀರುವಿನ ಮುಂದೆ ಒಂದಿಷ್ಟು ಹೊತ್ತು ನಿಲ್ಲಿ. ಊರಿನಲ್ಲಿರುವವರು ಮೈಸೂರು ಅರಮನೆಯ ಅಂಬಾವಿಲಾಸದ ದಂತ ಕೂರಿಸಿದ ಬೀಟೆಯ ಬಾಗಿಲನ್ನು ಅಷ್ಟೇ ಹತ್ತಿರದಿಂದ ನೋಡಿ. ಈಗ ಕಾನೂನು ದಂತವನ್ನು ನಿಷೇಧಿಸಿದೆ, ಅದು ಸರಿಯೇ. ಕಸುಬು ಮಾತ್ರ ಬದುಕಿದೆ, ಭೌಗೋಳಿಕ ಸೂಚಕ ಮಾನ್ಯತೆಯೂ ಅದಕ್ಕಿದೆ. ಲಂಡನ್ನಿನಲ್ಲಿ ಕಳೆದುಹೋದ ಕೆಲಸಗಾರರ ಹೆಸರು ಮೈಸೂರಿನಲ್ಲೂ ಕಳೆಯಬೇಕಿಲ್ಲ. ಮುಂದಿನ ಸಲ ಇನ್ಲೇ ಫಲಕವೊಂದನ್ನು ಕೊಳ್ಳುವಾಗ ಅದನ್ನು ಮಾಡಿದವರ ಹೆಸರು ಕೇಳಿ. ಹಿಂಬದಿಯಲ್ಲಿ ಆ ಹೆಸರನ್ನೂ ಇಸವಿಯನ್ನೂ ಬರೆಸಿಕೊಂಡೇ ಮನೆಗೆ ತನ್ನಿ.